ಆಟವೂ ಬೇಕು, ಪಾಠವೂ ಬೇಕು

ಅಂತರ ಕಾಲೇಜು ಪಂದ್ಯಗಳ ದಿನಾಂಕ ಮತ್ತು ಇಂಟರ್ನಲ್ ಪರೀಕ್ಷೆಯ ದಿನಾಂಕ ಒಂದೇ ವಾರದಲ್ಲಿ ಬೀಳುವುದು ನಮ್ಮ ಕಾಲೇಜುಗಳಲ್ಲಿ ಹೊಸ ವಿಷಯವೇನಲ್ಲ. ಆ ವಾರ ಮುಗಿದ ಮೇಲೆ ನಮ್ಮಂಥ ಸಾಮಾನ್ಯ ವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಟ್ರ್ಯಾಕ್ ಪ್ಯಾಂಟು ತೊಟ್ಟ ಹುಡುಗ ಹುಡುಗಿಯರು ಕಾಣಿಸಿಕೊಳ್ಳುತ್ತಾರೆ. ಒಬ್ಬನಿಗೆ ತೊಡೆಯ ಸ್ನಾಯು ಹಿಡಿದುಕೊಂಡಿದೆ. ಇನ್ನೊಬ್ಬಳಿಗೆ ಎರಡು ತಿಂಗಳಲ್ಲಿ ಮೂರನೆಯ ಸಲ ಗಂಟಲು ನೋವು. ಮತ್ತೊಬ್ಬ, ‘ಏನೋ ಸುಸ್ತು ಡಾಕ್ಟ್ರೇ, ಓದಿದ್ದು ತಲೆಗೇ ಹೋಗ್ತಿಲ್ಲ’ ಎನ್ನುತ್ತಾನೆ. ಕಾಯಿಲೆಗಳು ಬೇರೆ ಬೇರೆಯಾದರೂ ಜೊತೆಗೆ ಬಂದ ತಾಯಂದಿರ ಪ್ರಶ್ನೆ ಮಾತ್ರ ಒಂದೇ: ‘ಆಟ ಬಿಡಿಸಿಬಿಡೋಣವಾ ಡಾಕ್ಟ್ರೇ?’

ಬಿಡಿಸಬೇಕಾಗಿಲ್ಲ. ಆಟ ಮತ್ತು ಓದು ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. ಅನಿಲ್ ಕುಂಬ್ಳೆ 1990ರಲ್ಲಿ ಇಂಗ್ಲೆಂಡಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ನೂ ವಿದ್ಯಾರ್ಥಿ. ಅವರಿಗಿಂತ ಒಂದು ತಲೆಮಾರು ಹಿಂದಿನ ಎರಪಳ್ಳಿ ಪ್ರಸನ್ನ ಹಿಡಿದದ್ದು ಬೇರೆ ದಾರಿ. 1962ರಲ್ಲಿ ಭಾರತಕ್ಕೆ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ ಬಂದವರು, ಎಂಜಿನಿಯರಿಂಗ್ ಪದವಿ ಪೂರೈಸಲೆಂದು ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ದೂರ ಉಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆಮೇಲೆ ಅವರ ಸ್ಪಿನ್ ಏನು ಮಾಡಿತು ಎಂಬುದು ಹಿರಿಯ ಓದುಗರಿಗೆ ಗೊತ್ತೇ ಇದೆ. ಎರಡನ್ನೂ ಒಟ್ಟಿಗೆ ನಡೆಸಿದವರೂ ಇದ್ದಾರೆ, ಒಂದನ್ನು ಕೆಲಕಾಲ ಹಿಂದಕ್ಕಿಟ್ಟವರೂ ಇದ್ದಾರೆ. ವೈದ್ಯನಾಗಿ ನಾನು ಹೇಳಬಹುದಾದದ್ದು, ಈ ಎರಡರ ನಡುವೆ ದೇಹ ಎಲ್ಲಿ ಸೋಲುತ್ತದೆ ಎಂಬುದನ್ನಷ್ಟೆ.

ಮೈದಾನದ ದಣಿವು ಕಾಲಿನದು, ಓದಿನ ದಣಿವು ತಲೆಯದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ನಾವೆಲ್ಲ ಭಾವಿಸಿರುತ್ತೇವೆ. ಆದರೆ ದೇಹ ಎರಡು ಲೆಕ್ಕದ ಪುಸ್ತಕ ಇಡುವುದಿಲ್ಲ. ಬೆಳಗಿನ ಕಠಿಣ ಓಟಕ್ಕೂ ನಾಳೆಯ ಪ್ರಶ್ನೆಪತ್ರಿಕೆಯ ಭಯಕ್ಕೂ ನಮ್ಮ ಅಡ್ರಿನಲ್ ಗ್ರಂಥಿಗಳು ಸುರಿಸುವುದು ಅದೇ ಅಡ್ರಿನಲಿನ್, ಅದೇ ಕಾರ್ಟಿಸಾಲ್. ಸ್ವಲ್ಪ ಹೊತ್ತು ಇವು ಏರಿ ಇಳಿದರೆ ಒಳ್ಳೆಯದೇ. ಆಟಗಾರ ಚುರುಕಾಗುವುದೇ ಇವುಗಳಿಂದ. ದಿನಗಟ್ಟಲೆ ಏರಿಯೇ ಉಳಿದರೆ ನಿದ್ರೆ ತೆಳುವಾಗುತ್ತದೆ, ಸ್ನಾಯುಗಳ ರಿಪೇರಿ ನಿಧಾನವಾಗುತ್ತದೆ, ಸೋಂಕಿನ ವಿರುದ್ಧದ ಶಕ್ತಿ ಕುಗ್ಗುತ್ತದೆ.

ಇದು ಬರೀ ತರ್ಕವಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ 101 ಫುಟ್‌ಬಾಲ್ ಆಟಗಾರರನ್ನು ಇಡೀ ಋತುವಿನಲ್ಲಿ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಲಿ ಸಾಮಾನ್ಯ ವಾರಗಳಿಗಿಂತ ಪರೀಕ್ಷೆಯ ವಾರಗಳಲ್ಲಿ ಆಟಗಾರರು ಗಾಯಗೊಂಡು ಹಿಂದೆ ಸರಿದದ್ದು ಹೆಚ್ಚು. ಪರೀಕ್ಷೆ ನಡೆದದ್ದು ಕೊಠಡಿಯಲ್ಲಿ, ಗಾಯವಾದದ್ದು ಮೈದಾನದಲ್ಲಿ!

ಆದ್ದರಿಂದ ಮೊದಲ ಮಾತು. ಓದಿನ ಹೊರೆ ಹೆಚ್ಚಾದ ವಾರದಲ್ಲಿ ಅಭ್ಯಾಸದ ಹೊರೆ ಕಡಿಮೆಯಾಗಲೇಬೇಕು. ನಮ್ಮಲ್ಲಿ ಆಗುತ್ತಿರುವುದು ಇದರ ವಿರುದ್ಧ. ಎರಡೂ ಹೊರೆಯನ್ನು ಹಾಗೆಯೇ ಇಟ್ಟುಕೊಂಡು ರಾತ್ರಿಯ ನಿದ್ರೆಯನ್ನು ಕತ್ತರಿಸಲಾಗುತ್ತದೆ. ಒಂದು ಗಂಟೆಯವರೆಗೆ ಓದಿ ಐದಕ್ಕೆ ಮೈದಾನದಲ್ಲಿ ನಿಂತ ಹುಡುಗನನ್ನು ‘ಭಲೇ’ ಎಂದು ಬೆನ್ನು ತಟ್ಟುವ ತರಬೇತುದಾರರನ್ನು ನಾನು ಕಂಡಿದ್ದೇನೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಹುಡುಗ ಅಂದಿನ ಅಭ್ಯಾಸದಿಂದಲೂ ಹಿಂದಿನ ರಾತ್ರಿಯ ಓದಿನಿಂದಲೂ ಪೂರ್ತಿ ಫಲ ಪಡೆಯುವುದಿಲ್ಲ.

‘ಅಭ್ಯಾಸ ಕಡಿಮೆ ಮಾಡಿದರೆ ದಮ್ಮು ಹೋಗಿಬಿಡುತ್ತದೆ’ ಎಂಬ ಹೆದರಿಕೆ ಎಲ್ಲ ಆಟಗಾರರಿಗೂ ಇದೆ. ಪೂರ್ತಿ ನಿಲ್ಲಿಸಿದರೆ ಎರಡು ಮೂರು ವಾರದಲ್ಲಿ ದಮ್ಮು ಇಳಿಯತೊಡಗುವುದು ನಿಜ. ಆದರೆ ಕಡಿಮೆ ಮಾಡುವುದು ಬೇರೆ, ನಿಲ್ಲಿಸುವುದು ಬೇರೆ. ಅಭ್ಯಾಸದ ದಿನಗಳನ್ನೋ ಹೊತ್ತನ್ನೋ ಅರ್ಧಕ್ಕೆ ಇಳಿಸಿ, ಮಾಡುವಷ್ಟನ್ನು ಹಿಂದಿನ ಬಿರುಸಿನಲ್ಲೇ ಮಾಡಿದರೆ ಪಡೆದ ಶಕ್ತಿ ವಾರಗಟ್ಟಲೆ ಉಳಿಯುತ್ತದೆ ಎಂಬುದು ಚೆನ್ನಾಗಿ ಸಾಬೀತಾಗಿರುವ ಸಂಗತಿ. ಅಂದರೆ ವಾರಕ್ಕೆ ಆರು ದಿನ ಎರಡೆರಡು ಗಂಟೆ ಓಡುವವಳು, ಪರೀಕ್ಷೆಯ ಹದಿನೈದು ದಿನ ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ತನ್ನ ಎಂದಿನ ವೇಗದಲ್ಲೇ ಓಡಿದರೆ ಸಾಕು. ಉಳಿದ ಹೊತ್ತು ಪುಸ್ತಕಕ್ಕೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಕೈಗೆ ವರ್ಷದ ಆರಂಭದಲ್ಲೇ ಪರೀಕ್ಷೆಯ ವೇಳಾಪಟ್ಟಿಯನ್ನು ಕೊಟ್ಟು, ‘ಸಾರ್, ಈ ವಾರಗಳಲ್ಲಿ ನನಗೆ ಅರ್ಧ ಅಭ್ಯಾಸ’ ಎಂದು ಕೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹಿಂದಿನ ದಿನ ಹೋಗಿ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ನಿದ್ರೆಯ ವಿಷಯ

ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ರೆ ಬೇಕು. ದಿನವೂ ಬೆವರು ಸುರಿಸುವವರು ಈ ಲೆಕ್ಕದ ಮೇಲಿನ ತುದಿಯಲ್ಲಿರುವುದು ಒಳ್ಳೆಯದು. ರಾತ್ರಿಯ ಮೊದಲ ಭಾಗದ ಗಾಢ ನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ದಿನವಿಡೀ ಸವೆದ ಸ್ನಾಯುಗಳು ದುರಸ್ತಿಯಾಗುತ್ತವೆ. ಹಗಲು ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರುವುದೂ ನಿದ್ರೆಯಲ್ಲೇ. ಕಬಡ್ಡಿಯ ಹೊಸ ಪಟ್ಟು, ಹೈಜಂಪ್‌ನ ಹೊಸ ಹೆಜ್ಜೆ ಮೈಗೂಡುವುದೂ ಹಾಗೆಯೇ. ನಿದ್ರೆಗೆಟ್ಟು ಓದುವವನು ಒಂದು ಕೈಯಲ್ಲಿ ನೀರು ತುಂಬುತ್ತ ಇನ್ನೊಂದು ಕೈಯಲ್ಲಿ ಕೊಡಕ್ಕೆ ತೂತು ಕೊರೆಯುತ್ತಿರುತ್ತಾನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರ ಕಾಲ ಹಾಸಿಗೆಯಲ್ಲಿ ಹತ್ತು ಗಂಟೆ ಕಳೆಯುವ ಗುರಿ ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಅವರ ಓಟದ ವೇಗ ಹೆಚ್ಚಿತು, ಬುಟ್ಟಿಗೆ ಚೆಂಡು ಹಾಕುವ ನಿಖರತೆ ಶೇಕಡಾ 9ರಷ್ಟು ಉತ್ತಮಗೊಂಡಿತು. ಹತ್ತು ಗಂಟೆ ಮಲಗುವುದು ನಮ್ಮ ಹಾಸ್ಟೆಲ್‌ಗಳಲ್ಲಿ ಕನಸೇ ಸರಿ. ಆದರೆ ಹತ್ತೂವರೆಗೆ ದೀಪ ಆರಿಸಿ ಐದೂವರೆಗೆ ಎದ್ದರೆ ಏಳು ಗಂಟೆ ಸಿಗುತ್ತದೆ. ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಇನ್ನೂ ಸ್ವಲ್ಪ ತುಂಬಿಕೊಳ್ಳುತ್ತದೆ. ಈ ಹಗಲು ನಿದ್ರೆ ಅರ್ಧ ಗಂಟೆ ದಾಟಬಾರದು. ದಾಟಿದರೆ ಎದ್ದಾಗ ತಲೆ ಭಾರ, ರಾತ್ರಿ ನಿದ್ರೆ ದೂರ.

ಓದಿಗೆಂದು ರಾತ್ರಿ ಒಂಬತ್ತಕ್ಕೆ ಸ್ಟ್ರಾಂಗ್ ಕಾಫಿ ಕುಡಿಯುವವರಿಗೆ ಒಂದು ಮಾತು. ಕಾಫಿಯ ಕೆಫೀನ್ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದದ್ದರ ಅರ್ಧಪಾಲು ರಾತ್ರಿ ಎರಡು ಗಂಟೆಗೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮಲಗಿದಂತೆ ಕಂಡರೂ ಅದು ಗಾಢ ನಿದ್ರೆಯಲ್ಲ. ಇನ್ನು ಹಾಸಿಗೆಯಲ್ಲಿ ಮೊಬೈಲ್ ನೋಡುವ ಬಗ್ಗೆ ನಾನು ಬರೆಯದಿದ್ದರೂ ನಡೆಯುತ್ತದೆ. ಮನೆಯಲ್ಲಿ ಅಮ್ಮಂದಿರು ಹೇಳುತ್ತಲೇ ಇದ್ದಾರೆ.

ಹೊಟ್ಟೆಯ ವಿಷಯ

ಬೆಳಿಗ್ಗೆ ಐದೂವರೆಗೆ ಬರೀ ಹೊಟ್ಟೆಯಲ್ಲಿ ಅಭ್ಯಾಸ, ಏಳೂವರೆಗೆ ಸ್ನಾನ, ತಿಂಡಿ ಬಿಟ್ಟು ಎಂಟೂವರೆಯ ಕ್ಲಾಸಿಗೆ ಓಟ, ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಒಂದು ಟೀ ಮತ್ತು ಬನ್. ಇದು ನನ್ನ ಬಳಿ ಬರುವ ಹತ್ತಾರು ಆಟಗಾರರ ದಿನಚರಿ. ಎರಡನೆಯ ಪೀರಿಯಡ್ಡಿನಲ್ಲಿ ನಿದ್ದೆ ತೂಗಿದರೆ ಮೇಷ್ಟ್ರಿಗೆ ಸೋಮಾರಿತನವಾಗಿ ಕಾಣುತ್ತದೆ. ವಾಸ್ತವವಾಗಿ ಅದು ಹಸಿವು. ಮಿದುಳಿಗೆ ಮುಖ್ಯ ಇಂಧನ ಗ್ಲೂಕೋಸ್. ಬೆಳಗಿನ ಅಭ್ಯಾಸಕ್ಕೆ ಮೊದಲು ಒಂದೆರಡು ಬಾಳೆಹಣ್ಣು, ಅಭ್ಯಾಸ ಮುಗಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ತಿಂಡಿ. ಇಷ್ಟನ್ನು ಸರಿಪಡಿಸಿದರೆ ಕ್ಲಾಸಿನ ಅರ್ಧ ನಿದ್ದೆ ಹೋಗುತ್ತದೆ. ಹಾಸ್ಟೆಲಿನ ಮೆಸ್ಸಿನಲ್ಲಿ ತಿಂಡಿಯ ಹೊತ್ತು ಮೀರುತ್ತದೆ ಎಂದಾದರೆ ಡಬ್ಬಿಯಲ್ಲಿ ತೆಗೆದಿರಿಸಲು ಮೊದಲೇ ಹೇಳಿ. ಬೇಯಿಸಿದ ಕಡಲೆಕಾಯಿ, ನೆನೆಸಿದ ಹೆಸರುಕಾಳು, ರಾಗಿ ಹುರಿಹಿಟ್ಟು, ಬೆಲ್ಲ ಬ್ಯಾಗಿನಲ್ಲಿಟ್ಟುಕೊಳ್ಳುವುದು ಕಷ್ಟವಲ್ಲ.

ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳಬೇಕೇ ಎಂದು ಕೇಳದ ತಂದೆ ಇಲ್ಲ. 60 ಕೆ.ಜಿ. ತೂಕದ ಆಟಗಾರನಿಗೆ ದಿನಕ್ಕೆ ಸುಮಾರು 70ರಿಂದ 95 ಗ್ರಾಂ ಪ್ರೋಟೀನ್ ಸಾಕು. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿ 16, ಒಂದು ಹಿಡಿ ಕಡಲೆಕಾಯಿಬೀಜದಲ್ಲಿ 7-8, ಎರಡು ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳಿನ ಸಾರಿನಲ್ಲಿ 14, ದಿನದ ಮುದ್ದೆ, ಚಪಾತಿ, ಅನ್ನದಲ್ಲಿ ಮತ್ತೆ 25. ಕೂಡಿ ನೋಡಿ, ಮನೆಯ ಊಟದಲ್ಲೇ 75 ಗ್ರಾಂ ಬಂತು. ಮೊಟ್ಟೆ ತಿನ್ನದವರು ಸೋಯಾ, ಪನೀರ್, ಹುರುಳಿಕಾಳು ಹೆಚ್ಚಿಸಿಕೊಳ್ಳಬಹುದು. ಎರಡು ಮೂರು ಸಾವಿರ ರೂಪಾಯಿಯ ಡಬ್ಬಿಗೆ ಕೊಡುವ ಹಣದಲ್ಲಿ ಒಂದು ತಿಂಗಳ ಹಾಲು, ಮೊಟ್ಟೆ, ಹಣ್ಣು ಬರುತ್ತದೆ. ಆ ಡಬ್ಬಿಗಳಲ್ಲಿ ಕೆಲವೊಮ್ಮೆ ಚೀಟಿಯ ಮೇಲೆ ಬರೆಯದ ವಸ್ತುಗಳೂ ಬೆರೆತಿರುತ್ತವೆ. ರಾಷ್ಟ್ರಮಟ್ಟದ ಕೂಟದಲ್ಲಿ ಉದ್ದೀಪನ ಮದ್ದಿನ ತಪಾಸಣೆಗೆ ಸಿಕ್ಕರೆ ‘ಗೊತ್ತಿರಲಿಲ್ಲ’ ಎಂದರೆ ಬಿಡುವುದಿಲ್ಲ. ಇದೇ ಕಾರಣಕ್ಕೆ ನೆಗಡಿಯ ಮಾತ್ರೆಯನ್ನೂ ಅಂಗಡಿಯಿಂದ ತಾವಾಗಿಯೇ ನುಂಗಬಾರದು. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫಿಡ್ರಿನ್, ನೋವಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಪಂದ್ಯದ ವೇಳೆಯ ನಿಷೇಧಿತ ಪಟ್ಟಿಯಲ್ಲಿವೆ. ವೈದ್ಯರ ಬಳಿ ಹೋದಾಗ ‘ನಾನು ಆಟಗಾರ, ಇಂಥ ದಿನ ಪಂದ್ಯವಿದೆ’ ಎಂದು ಮೊದಲ ಮಾತಾಗಿ ಹೇಳಿ. ನೀವು ಹೇಳದಿದ್ದರೆ ನಮಗೆ ಹೇಗೆ ತಿಳಿಯಬೇಕು?

ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಆಟವಾಡುವ ಹುಡುಗಿಯರು ಇದಕ್ಕೆ ಹೊರತಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಳಿದರೆ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಹಿಂದಿನ ವರ್ಷ ಸುಲಭವಾಗಿ ಓಡಿದ ದೂರಕ್ಕೆ ಈ ವರ್ಷ ಕಾಲು ಸೀಸದಂತೆ ಭಾರ, ಮೆಟ್ಟಿಲು ಹತ್ತಿದರೆ ಎದೆಬಡಿತ, ಓದಲು ಕುಳಿತರೆ ಗಮನ ನಿಲ್ಲದು. ಇದನ್ನು ‘ಮೈಗಳ್ಳತನ’ ಎಂದು ಮನೆಯವರೂ ‘ಫಾರ್ಮ್ ಹೋಯಿತು’ ಎಂದು ತರಬೇತುದಾರರೂ ಹೇಳುತ್ತಾರೆ. ಒಂದು ಸಾಮಾನ್ಯ ರಕ್ತಪರೀಕ್ಷೆ ಈ ವಾದವನ್ನು ಮುಗಿಸುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತಿದ್ದರೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಬಹುದು. ಸೊಪ್ಪು, ಹುರುಳಿಕಾಳು, ಮೊಳಕೆಕಾಳು, ತಿನ್ನುವವರಾದರೆ ಮಾಂಸ, ಮೀನು ಒಳ್ಳೆಯದು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ; ಊಟದ ಜೊತೆ ಟೀ ಕಾಫಿ ಕುಡಿದರೆ ಹೀರುವುದು ಕಡಿಮೆಯಾಗುತ್ತದೆ. ಕೊರತೆ ಕಂಡುಬಂದರೆ ಆಹಾರವೊಂದೇ ಸಾಲದು, ವೈದ್ಯರು ಹೇಳಿದಷ್ಟು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು. ಮಲ ಕಪ್ಪಾಯಿತೆಂದು ಹೆದರಿ ಮೂರನೆಯ ದಿನಕ್ಕೆ ನಿಲ್ಲಿಸಬಾರದು.

ಎರಡನೆಯದು ಮುಟ್ಟು ನಿಲ್ಲುವುದು. ‘ಆಟ ಆಡೋ ಹುಡುಗೀರಿಗೆ ಹಾಗಾಗೋದು ಮಾಮೂಲಂತೆ ಡಾಕ್ಟ್ರೇ’ ಎಂದು ತಾಯಂದಿರೇ ನನಗೆ ಸಮಾಧಾನ ಹೇಳಿದ್ದುಂಟು. ಮಾಮೂಲಲ್ಲ. ಸರಿಯಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತಿದೆಯೆಂದರೆ, ಖರ್ಚಾಗುವಷ್ಟು ಶಕ್ತಿ ಊಟದಿಂದ ಬರುತ್ತಿಲ್ಲವೆಂದು ದೇಹ ಒಂದು ವಿಭಾಗವನ್ನೇ ಮುಚ್ಚಿರಬಹುದು. ಇತರ ಕಾರಣಗಳೂ ಇರಬಹುದು, ಅದಕ್ಕಾಗಿಯೇ ಪರೀಕ್ಷೆ ಬೇಕು. ಈಸ್ಟ್ರೋಜನ್ ಕಡಿಮೆಯಾದರೆ ಮೂಳೆ ತೆಳುವಾಗುತ್ತದೆ. ಓಡುವ ಹುಡುಗಿಯ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವು, ರಾತ್ರಿಯೂ ನೋವು ಎಂದರೆ ಅದು ಸೂಕ್ಷ್ಮ ಬಿರುಕು ಆಗಿರಬಹುದು. ಮೊದಲ ದಿನಗಳ ಎಕ್ಸ್-ರೇಯಲ್ಲಿ ಅದು ಕಾಣದೆ ಹೋಗುವುದೂ ಉಂಟು. ‘ಎಕ್ಸ್-ರೇ ನಾರ್ಮಲ್ ಇದೆ’ ಎಂದು ಓಟ ಮುಂದುವರಿಸಬಾರದು. ಐಷಾರಾಮಿ ಡಯಟ್ ಚಾರ್ಟುಗಳಿಗಿಂತ ಈ ಮಕ್ಕಳಿಗೆ ಬೇಕಾದದ್ದು ಇನ್ನೊಂದು ಮುದ್ದೆ, ಇನ್ನೊಂದು ಸೌಟು ಸಾರು.

ದೇಹ ಯಾವಾಗ ಮಿತಿ ದಾಟುತ್ತಿದೆ ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆ ಬಿಡುವ ಮೊದಲೇ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವಾರದಲ್ಲಿ ನಿಮ್ಮ ಮಾಮೂಲು ಸಂಖ್ಯೆ ಗೊತ್ತಾಗುತ್ತದೆ. ಅದಕ್ಕಿಂತ ಹತ್ತರಷ್ಟು ಹೆಚ್ಚು ಎರಡು ಮೂರು ದಿನ ಸತತವಾಗಿ ಬಂದರೆ ನಿದ್ರೆ ಸಾಲುತ್ತಿಲ್ಲ, ಅಥವಾ ಸೋಂಕು ಬರುತ್ತಿದೆ, ಅಥವಾ ಅಭ್ಯಾಸ ಅತಿಯಾಗಿದೆ. ಅಂದು ಕಠಿಣ ಅಭ್ಯಾಸ ಬೇಡ. ಕಾರಣವಿಲ್ಲದ ಸಿಡುಕು, ಊಟ ಸೇರದಿರುವುದು, ಇಷ್ಟದ ಆಟವೇ ಬೇಸರವೆನಿಸುವುದು ಕೂಡ ಇದೇ ಕಥೆ ಹೇಳುತ್ತವೆ. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ಆಡಬಹುದು. ಆದರೆ ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದಾಗ ಓಡಲೇಬಾರದು. ವೈರಸ್ ಸೋಂಕು ಹೃದಯದ ಸ್ನಾಯುವಿಗೂ ತಗಲುವ ಅಪಾಯವಿದೆ. ಓಡುವಾಗ ಎದೆನೋವು ಬಂದವರು, ಪ್ರಜ್ಞೆ ತಪ್ಪಿ ಬಿದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ಸತ್ತವರಿರುವ ಕುಟುಂಬದವರು ಇ.ಸಿ.ಜಿ. ಮಾಡಿಸಿ ವೈದ್ಯರ ಒಪ್ಪಿಗೆ ಪಡೆಯದೆ ಮೈದಾನಕ್ಕೆ ಇಳಿಯಬಾರದು.

ನಡುವೆ ಒಂದು ಮಾತು. ಸೆಮಿಸ್ಟರಿನ ಕೊನೆಗೆ ಹಾಜರಾತಿ ಶಾರ್ಟೇಜ್ ಆದಾಗ ‘ಒಂದು ಮೆಡಿಕಲ್ ಸರ್ಟಿಫಿಕೇಟ್ ಕೊಡಿ ಡಾಕ್ಟ್ರೇ, ಟೈಫಾಯ್ಡ್ ಅಂತ ಬರೆದ್ರೆ ಸಾಕು’ ಎಂದು ಬರುವ ಆಟಗಾರರು ಕಡಿಮೆಯಿಲ್ಲ. ನಾನು ಕೊಡುವುದಿಲ್ಲ. ಕಾಲೇಜನ್ನು ಪ್ರತಿನಿಧಿಸಲು ಹೋದ ದಿನಗಳಿಗೆ ದೈಹಿಕ ಶಿಕ್ಷಣ ವಿಭಾಗದ ಓ.ಡಿ. ಪತ್ರವನ್ನು ಹೋಗುವ ಮೊದಲೇ ಬರೆಸಿ, ಪ್ರತಿಯನ್ನು ವಿಭಾಗಕ್ಕೆ ತಲುಪಿಸಿ ಇಟ್ಟರೆ ಸುಳ್ಳು ಟೈಫಾಯ್ಡ್ ಬೇಕಾಗುವುದಿಲ್ಲ. ತಪ್ಪಿದ ಪಾಠದ ನೋಟ್ಸನ್ನು ಅದೇ ವಾರ ಗೆಳೆಯನಿಂದ ಪಡೆದು ಬರೆದುಕೊಳ್ಳಿ. ತಿಂಗಳು ಬಿಟ್ಟು ಕುಳಿತರೆ ಅದು ಮತ್ತೆ ರಾತ್ರಿಯ ನಿದ್ರೆಗೇ ಬರುತ್ತದೆ. ಪಂದ್ಯಕ್ಕೆ ಹೋಗುವ ರೈಲು ಬಸ್ಸಿನ ನಾಲ್ಕೈದು ಗಂಟೆ ಓದಿಗೆ ಸಿಗುವ ಒಳ್ಳೆಯ ಹೊತ್ತು. ವಾಪಸು ಬರುವಾಗ ಮಾತ್ರ ಮಲಗಿ.

ಆಟ ಮತ್ತು ಓದು ಎರಡಕ್ಕೂ ಒಂದೇ ಸಲ ಪೆಟ್ಟು ಕೊಡುವ ಸಂಗತಿಯೆಂದರೆ ತಲೆಯ ಏಟು. ಕಬಡ್ಡಿ, ಫುಟ್‌ಬಾಲ್, ಹಾಕಿ, ಕುಸ್ತಿಯಲ್ಲಿ ತಲೆಗೆ ಏಟು ಬಿದ್ದು ಕ್ಷಣಕಾಲ ಕಣ್ಣು ಕತ್ತಲೆ ಬಂದರೆ, ತಲೆ ತಿರುಗಿದರೆ, ಸ್ಕೋರ್ ಎಷ್ಟೆಂದು ನೆನಪಾಗದಿದ್ದರೆ ಅದು ‘ಕನ್‌ಕಷನ್’. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಆಡಲು ಇಳಿಸುವುದು ನಮ್ಮ ಮೈದಾನಗಳಲ್ಲಿ ದಿನನಿತ್ಯ ನಡೆಯುವ ಅಪಾಯಕಾರಿ ಕೆಲಸ. ಅಂದು ಆ ಆಟಗಾರ ಮತ್ತೆ ಆಡಬಾರದು. ಮೊದಲ ಒಂದೆರಡು ದಿನ ಆಟಕ್ಕೆ ಪೂರ್ಣ ವಿರಾಮ, ಓದು, ಮೊಬೈಲ್, ಕಂಪ್ಯೂಟರ್ ಕೂಡ ಬಹಳ ಕಡಿಮೆ, ಮೆಲ್ಲಗೆ ಓಡಾಡಿಕೊಂಡಿರಬಹುದು. ಆಮೇಲೆ ತಲೆನೋವು ಬರದಷ್ಟು ಹೊತ್ತು ಓದಿ, ದಿನದಿನಕ್ಕೆ ಹೆಚ್ಚಿಸಬೇಕು. ಇಡೀ ದಿನದ ತರಗತಿಯಲ್ಲಿ ತೊಂದರೆಯಿಲ್ಲದೆ ಕೂರಲು ಸಾಧ್ಯವಾದ ಮೇಲಷ್ಟೇ, ವೈದ್ಯರನ್ನು ಕೇಳಿ, ಹಂತಹಂತವಾಗಿ ಪೂರ್ಣ ಆಟಕ್ಕೆ ಮರಳಬೇಕು. ಆ ವಾರ ಪರೀಕ್ಷೆಯಿದ್ದರೆ ಪ್ರಾಂಶುಪಾಲರಿಗೆ ವೈದ್ಯರ ಪತ್ರ ಕೊಡಿ. ಇಂಥ ಸರ್ಟಿಫಿಕೇಟನ್ನು ನಾನು ಸಂತೋಷವಾಗಿ ಬರೆಯುತ್ತೇನೆ. ಏಟು ಬಿದ್ದ ರಾತ್ರಿ ಆಟಗಾರನನ್ನು ಹಾಸ್ಟೆಲ್ ರೂಮಿನಲ್ಲಿ ಒಂಟಿಯಾಗಿ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೊದಲು ಮಾತು, ಎಬ್ಬಿಸಿದರೂ ಏಳದಷ್ಟು ಮಂಪರು, ಕೈಕಾಲು ನಿಶ್ಶಕ್ತಿ, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ತಲೆಯ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.